ಟಿವಿ ಡಬ್ಬದ ಮೇಲಿನ ಪದಗಳು: ಯಾವುದು ಎಲ್ಲಿಗೆ ಸೇರಿದ್ದು?

ಮನೆಯ ಟಿವಿ, ಸೌಂಡ್‌ಬಾರ್, ಒಟಿಟಿ ಬಳಸುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಕೊನೆಯಲ್ಲಿ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಹೊಸ ಟಿವಿ ಮನೆಗೆ ಬಂದಾಗ ಅದರ ಡಬ್ಬದ ಮೈಮೇಲೆಲ್ಲ ಪದಗಳು. 4ಕೆ ಯುಎಚ್‌ಡಿ, ಎಚ್‌ಡಿಆರ್10, ಡಾಲ್ಬಿ ವಿಷನ್, 60 ಹರ್ಟ್ಸ್, ಎಂಇಎಂಸಿ, ಎಚ್‌ಡಿಎಂಐ, ಇಎಆರ್‌ಸಿ, ಅಟ್ಮಾಸ್, 30 ವ್ಯಾಟ್. ಒಂದೊಂದಕ್ಕೂ ಅರ್ಥ ಹುಡುಕಿ ಬಾಯಿಪಾಠ ಮಾಡಿಕೊಂಡರೆ ಅಂಗಡಿಯಲ್ಲಿ ಮಾತಾಡಲು ಬಂದೀತು. ಮನೆಯಲ್ಲಿ ಚಿತ್ರ ಯಾಕೆ ಮಸುಕಾಗಿದೆ, ದನಿ ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಅದರಿಂದ ಉತ್ತರ ಸಿಗುವುದಿಲ್ಲ.

ಯಾವ ಪದ ಎದುರಾದರೂ ಮೊದಲು ಕೇಳಬೇಕಾದದ್ದು, ಇದು ಎಲ್ಲಿಗೆ ಸೇರಿದ್ದು ಅಂತ. ಕೆರೆಯ ನೀರು ತೂಬು, ಕಾಲುವೆ, ಮಡೆ ದಾಟಿ ಗದ್ದೆಗೆ ಬರುತ್ತದೆ. ಕೆರೆ ಕೋಡಿ ಬಿದ್ದಿರಲಿ, ತೂಬು ಕಿರಿದಾಗಿದ್ದರೆ ಗದ್ದೆಗೆ ಸಿಗುವುದು ತೂಬಿನಷ್ಟೇ ನೀರು. ಟಿವಿಯ ಲೆಕ್ಕವೂ ಹೀಗೇ. ಚಿತ್ರ ಎಲ್ಲಿಂದಲೋ ಹೊರಡುತ್ತದೆ: ಡಿಟಿಎಚ್, ಒಟಿಟಿ ಅಥವಾ ಪೆನ್‌ಡ್ರೈವ್. ಅದನ್ನು ಬಿಚ್ಚುವ ಚಿಪ್ ಒಂದಿದೆ, ಸಾಗಿಸುವ ಕೇಬಲ್ ಇದೆ, ತೋರಿಸುವ ಪರದೆ ಇದೆ, ನುಡಿಸುವ ಸ್ಪೀಕರ್ ಇದೆ. ಡಬ್ಬದ ಮೇಲಿನ ಪ್ರತಿ ಪದವೂ ಇವುಗಳಲ್ಲಿ ಒಂದರ ಬಗ್ಗೆ ಮಾತ್ರ ಹೇಳುತ್ತದೆ. ಉಳಿದವುಗಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಚುಕ್ಕೆ, ಸಾಲು, ದೂರ

ರಂಗೋಲಿಗೆ ಇಷ್ಟು ಚುಕ್ಕೆ, ಇಷ್ಟು ಸಾಲು ಅನ್ನುತ್ತೇವಲ್ಲ, ರೆಸಲ್ಯೂಷನ್ ಅಂದರೆ ಅದೇ. ಎಚ್‌ಡಿ ರೆಡಿ ಟಿವಿಯಲ್ಲಿ ಸಾಲಿಗೆ 1366 ಚುಕ್ಕೆ, 768 ಸಾಲು. ಒಟ್ಟು ಸುಮಾರು ಹತ್ತೂವರೆ ಲಕ್ಷ. ಫುಲ್ ಎಚ್‌ಡಿಯಲ್ಲಿ 1920 ಚುಕ್ಕೆ, 1080 ಸಾಲು. ಇಪ್ಪತ್ತು ಲಕ್ಷದ ಮೇಲೆ. 4ಕೆಯಲ್ಲಿ 3840 ಚುಕ್ಕೆ, 2160 ಸಾಲು. 83 ಲಕ್ಷದ ಹತ್ತಿರ. ಸಾಲಿನಲ್ಲಿ ಹೆಚ್ಚುಕಡಿಮೆ ನಾಲ್ಕು ಸಾವಿರ ಚುಕ್ಕೆ ಇರುವುದರಿಂದ 4ಕೆ ಅನ್ನುವ ಹೆಸರು.

ಈ ಸಂಖ್ಯೆ ಪರದೆಗೆ ಸೇರಿದ್ದು. ಬರುವ ಚಿತ್ರಕ್ಕೆ ಅದರದೇ ಚುಕ್ಕೆ ಲೆಕ್ಕ ಇರುತ್ತದೆ. ಮಾಮೂಲಿ ಎಸ್‌ಡಿ ವಾಹಿನಿಯ ಚಿತ್ರ 720×576, ಅಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ. 4ಕೆ ಪರದೆ ಸರಿಯಾಗಿ ಅದರ ಇಪ್ಪತ್ತು ಪಟ್ಟು. ಬಂದ ಒಂದು ಚುಕ್ಕೆಯನ್ನು ಟಿವಿ ಇಪ್ಪತ್ತಾಗಿ ಹರಡಬೇಕು, ನಡುವಿನದನ್ನು ಅಕ್ಕಪಕ್ಕ ನೋಡಿ ಊಹಿಸಬೇಕು. ಇದಕ್ಕೆ ಅಪ್‌ಸ್ಕೇಲಿಂಗ್ ಅನ್ನುತ್ತಾರೆ. ಹೊಸ 4ಕೆ ಟಿವಿಯಲ್ಲಿ ಹಳೆಯ ವಾಹಿನಿ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿದೆ ಅನ್ನುವ ದೂರು ಇಲ್ಲಿಂದ ಹುಟ್ಟುತ್ತದೆ. ಟಿವಿ ಕೆಟ್ಟಿಲ್ಲ. ಸಣ್ಣ ಚಿತ್ರವನ್ನು ದೊಡ್ಡ ಪರದೆಗೆ ಎಳೆದಾಗ ಅದರ ದೋಷಗಳೂ ದೊಡ್ಡದಾಗಿ ಕಾಣುತ್ತವೆ.

ತುಂಬ ಮನೆಗಳಲ್ಲಿ ನಡೆಯುವ ಇನ್ನೊಂದು ತಪ್ಪನ್ನು ಇವತ್ತೇ ಹೋಗಿ ನೋಡಿಕೊಳ್ಳಿ. ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಇದೆ, ಎಚ್‌ಡಿ ಪ್ಯಾಕ್‌ಗೆ ತಿಂಗಳು ತಿಂಗಳು ದುಡ್ಡು ಹೋಗುತ್ತಿದೆ, ಆದರೆ ಬಾಕ್ಸಿನಿಂದ ಟಿವಿಗೆ ಬಂದಿರುವುದು ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್. ಹಳದಿ ಪಿನ್ನಿನಲ್ಲಿ 576 ಸಾಲಿಗಿಂತ ಹೆಚ್ಚು ಸಾಗುವುದಿಲ್ಲ. ಎಚ್‌ಡಿ ವಾಹಿನಿ ಹಾಕಿದರೂ ನೀವು ನೋಡುತ್ತಿರುವುದು ಎಸ್‌ಡಿ. ಎಚ್‌ಡಿಎಂಐ ಕೇಬಲ್ ಹಾಕಿ. ಆಮೇಲೆ ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೊ ಔಟ್‌ಪುಟ್ ತೆರೆದು 576 ಅಂತ ಇದ್ದರೆ 1080ಕ್ಕೆ ಬದಲಿಸಿ. ಕೇಬಲ್ ಬದಲಿಸಿ ಸೆಟ್ಟಿಂಗ್ ಹಾಗೇ ಬಿಟ್ಟರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ.

1080ರ ಪಕ್ಕ ಇರುವ ಐ ಮತ್ತು ಪಿ ಬಗ್ಗೆ ಒಂದು ಮಾತು. ಪಿ ಅಂದರೆ ಎಲ್ಲ ಸಾಲುಗಳೂ ಒಟ್ಟಿಗೆ ಬರುತ್ತವೆ. ಐ ಅಂದರೆ ಒಮ್ಮೆ ಬೆಸ ಸಾಲುಗಳು, ಇನ್ನೊಮ್ಮೆ ಸಮ ಸಾಲುಗಳು. ನಮ್ಮ ಬಹುತೇಕ ಎಚ್‌ಡಿ ವಾಹಿನಿಗಳು 1080ಐ. ಎರಡು ಅರ್ಧಗಳನ್ನು ಟಿವಿ ಜೋಡಿಸಿ ತೋರಿಸುತ್ತದೆ. ಆ ಜೋಡಣೆ ಸರಿಯಾಗದಿದ್ದರೆ ಓಡುವ ಬೌಲರನ ಕೈಕಾಲಿನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ.

ಎಷ್ಟು ಚುಕ್ಕೆ ಬೇಕು ಅನ್ನುವುದನ್ನು ನೀವು ಕೂರುವ ದೂರ ನಿರ್ಧರಿಸುತ್ತದೆ. ಪರದೆಯ ಎತ್ತರದ ಸುಮಾರು ಮೂರು ಪಟ್ಟು ದೂರದಲ್ಲಿ ಕೂತರೆ ಫುಲ್ ಎಚ್‌ಡಿಯ ಚುಕ್ಕೆಗಳೇ ಸಾಮಾನ್ಯ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. 43 ಇಂಚಿನ ಟಿವಿಯ ಎತ್ತರ 53 ಸೆಂಟಿಮೀಟರ್ ಆಸುಪಾಸು. ಮೂರು ಪಟ್ಟು ಅಂದರೆ ಐದೂಕಾಲು ಅಡಿ. ಎಂಟು ಅಡಿ ಆಚೆಯ ಸೋಫಾದಲ್ಲಿ ಕೂರುವ ಮನೆಗೆ 43 ಇಂಚಿನಲ್ಲಿ 4ಕೆ, ಫುಲ್ ಎಚ್‌ಡಿ ಚುಕ್ಕೆಗಳ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅದೇ ಸೋಫಾಕ್ಕೆ 65 ಇಂಚು ಬಂದರೆ ವ್ಯತ್ಯಾಸ ಕಾಣತೊಡಗುತ್ತದೆ. ಹಾಗಾಗಿ ಅಂಗಡಿಗೆ ಹೊರಡುವ ಮುಂಚೆ ಟೇಪ್ ಹಿಡಿದು ಸೋಫಾದಿಂದ ಗೋಡೆಯವರೆಗೆ ಅಳತೆ ತೆಗೆದುಕೊಂಡು ಹೋಗಿ.

ಬೆಳಕು ಮತ್ತು ಬಣ್ಣ

ಪರದೆಯ ಜಾತಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಅನ್ನುವುದು ನಿಜಕ್ಕೂ ಎಲ್‌ಸಿಡಿ ಪರದೆ. ಹಿಂದಿನಿಂದ ಬೆಳಕು ಕೊಡುವ ದೀಪಗಳು ಮಾತ್ರ ಎಲ್‌ಇಡಿ. ಕ್ಯುಎಲ್‌ಇಡಿಯೂ ಎಲ್‌ಸಿಡಿಯೇ, ಬಣ್ಣ ಗಾಢವಾಗಲು ಕ್ವಾಂಟಮ್ ಡಾಟ್ ಪದರ ಒಂದು ಹೆಚ್ಚು. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಚಿಕ್ಕವು, ಸಾವಿರಾರು. ಗುಂಪು ಗುಂಪಾಗಿ ಅವುಗಳನ್ನು ಮಂದ ಮಾಡಬಹುದು. ಇದಕ್ಕೆ ಲೋಕಲ್ ಡಿಮ್ಮಿಂಗ್ ಅನ್ನುತ್ತಾರೆ. ಒಎಲ್‌ಇಡಿ ಮಾತ್ರ ಪೂರ್ತಿ ಬೇರೆ: ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಅದಕ್ಕೇ ಅದರ ಕಪ್ಪು ನಿಜವಾದ ಕಪ್ಪು. ಆದರೆ ದಿನಕ್ಕೆ ಹತ್ತು ಗಂಟೆ ಒಂದೇ ಸುದ್ದಿ ವಾಹಿನಿ ಓಡುವ ಮನೆಗೆ ಅದನ್ನು ಒಯ್ಯಬೇಡಿ. ಮೂಲೆಯ ಲೋಗೊ, ಕೆಳಗಿನ ಪಟ್ಟಿ ಕಾಲಕ್ರಮೇಣ ಪರದೆಯಲ್ಲಿ ಅಚ್ಚೊತ್ತಿ ನಿಲ್ಲುವ ಅಪಾಯವಿದೆ.

ಎಚ್‌ಡಿಆರ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಡಬ್ಬದ ಮೇಲೆ ಅತಿ ಹೆಚ್ಚು ಮೋಸ ಹೋಗುವ ಪದ ಇದು. ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಹಳೆಯ ಪದ್ಧತಿಯ ಚಿತ್ರವನ್ನು 100 ನಿಟ್ಸ್ ಬೆಳಕಿಗೆ ಹೊಂದುವಂತೆ ತಯಾರಿಸುತ್ತಿದ್ದರು. ಎಚ್‌ಡಿಆರ್ ಚಿತ್ರವನ್ನು ಸಾಮಾನ್ಯವಾಗಿ 1000 ನಿಟ್ಸ್, ಕೆಲವೊಮ್ಮೆ 4000 ನಿಟ್ಸ್ ಗುರಿ ಇಟ್ಟು ತಯಾರಿಸುತ್ತಾರೆ. ದೇವರ ಮುಂದಿನ ದೀಪದ ಕುಡಿ ಝಗ್ಗೆನ್ನಬೇಕು, ಗರ್ಭಗುಡಿಯ ಕತ್ತಲಲ್ಲಿ ಕಲ್ಲಿನ ಕೆತ್ತನೆಯೂ ಕಾಣಬೇಕು, ಎರಡೂ ಒಂದೇ ಚೌಕಟ್ಟಿನಲ್ಲಿ. ಅದು ಎಚ್‌ಡಿಆರ್ ಉದ್ದೇಶ. ಇದರ ಜೊತೆಗೆ ಬಣ್ಣದ ಮೆಟ್ಟಿಲುಗಳೂ ಹೆಚ್ಚುತ್ತವೆ. 8 ಬಿಟ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. 10 ಬಿಟ್‌ನಲ್ಲಿ 1024. ಸಂಜೆಯ ಆಕಾಶದಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗಿ ಒಡೆದು ಕಾಣುತ್ತದಲ್ಲ, ಮೆಟ್ಟಿಲು ಸಾಲದೆ ಆಗುವ ತೊಂದರೆ ಅದು.

ಈಗ 250ರಿಂದ 300 ನಿಟ್ಸ್ ಬೆಳಗುವ ಅಗ್ಗದ ಟಿವಿಯ ಡಬ್ಬದ ಮೇಲೆ ಎಚ್‌ಡಿಆರ್10 ಅಂತ ಬರೆದಿದೆ ಅಂದುಕೊಳ್ಳಿ. ಅದು ಸುಳ್ಳಲ್ಲ. ಎಚ್‌ಡಿಆರ್ ಸಂಕೇತ ಬಂದರೆ ಟಿವಿ ಅದನ್ನು ಓದಬಲ್ಲದು ಅಂತ ಅರ್ಥ. ತೋರಿಸುವಷ್ಟು ಬೆಳಕು ಅದರಲ್ಲಿಲ್ಲ. ಸಾವಿರ ನಿಟ್ಸ್‌ನ ಚಿತ್ರವನ್ನು ಮುನ್ನೂರಕ್ಕೆ ಅಮುಕಿದಾಗ ಇಡೀ ದೃಶ್ಯ ಕತ್ತಲಾಗುತ್ತದೆ. ಒಟಿಟಿಯಲ್ಲಿ ಎಚ್‌ಡಿಆರ್ ಹಾಕಿದ ಕೂಡಲೇ ಚಿತ್ರ ಮಬ್ಬಾಗುತ್ತದೆ ಅನ್ನುವವರ ಟಿವಿಯಲ್ಲಿ ನಡೆಯುತ್ತಿರುವುದು ಇದೇ. ಅಂಥ ಟಿವಿಯಲ್ಲಿ ಎಚ್‌ಡಿಆರ್ ಬಂದಾಗ ಬೇರೆಯದೇ ಪಿಕ್ಚರ್ ಮೋಡ್ ತೆರೆದುಕೊಳ್ಳುತ್ತದೆ. ಚಿತ್ರ ಓಡುತ್ತಿರುವಾಗಲೇ ಸೆಟ್ಟಿಂಗ್ಸ್ ತೆರೆದು ಬ್ಯಾಕ್‌ಲೈಟ್ ಪೂರ್ತಿ ಏರಿಸಿ, ವಿದ್ಯುತ್ ಉಳಿಸುವ ಮೋಡ್ ಆಫ್ ಮಾಡಿ, ಡೈನಮಿಕ್ ಟೋನ್ ಮ್ಯಾಪಿಂಗ್ ಇದ್ದರೆ ಆನ್ ಮಾಡಿ. ಆಗಲೂ ಕತ್ತಲಾಗಿದ್ದರೆ ಎಚ್‌ಡಿಆರ್ ಬಿಟ್ಟು ಸಾದಾ ಚಿತ್ರ ನೋಡುವುದೇ ಮೇಲು. ಎಚ್‌ಡಿಆರ್10, ಡಾಲ್ಬಿ ವಿಷನ್ ನಡುವಿನ ಮುಖ್ಯ ವ್ಯತ್ಯಾಸ ಇಷ್ಟು: ಮೊದಲನೆಯದರಲ್ಲಿ ಇಡೀ ಸಿನಿಮಾಕ್ಕೆ ಬೆಳಕಿನ ಸೂಚನೆ ಒಂದೇ ಸಲ ಬರುತ್ತದೆ, ಎರಡನೆಯದರಲ್ಲಿ ದೃಶ್ಯ ದೃಶ್ಯಕ್ಕೂ ಬರುತ್ತದೆ. ಎಚ್‌ಡಿಆರ್10+ ಕೂಡ ಎರಡನೆಯ ಜಾತಿಯದೇ. ಕಡಿಮೆ ಬೆಳಕಿನ ಟಿವಿಗೆ ಈ ದೃಶ್ಯವಾರು ಸೂಚನೆ ನಿಜಕ್ಕೂ ಉಪಕಾರಿ.

ಸೆಕೆಂಡಿಗೆ ಎಷ್ಟು ಚಿತ್ರ

60 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಚಿತ್ರ ಬಿಡಿಸುತ್ತದೆ. ಇದೂ ಪರದೆಯ ಗುಣ. ಬರುವ ಚಿತ್ರದ ವೇಗವನ್ನು ಫ್ರೇಮ್ ರೇಟ್ ಅನ್ನುತ್ತಾರೆ. ಸಿನಿಮಾ ಸೆಕೆಂಡಿಗೆ 24, ನಮ್ಮ ಟಿವಿ ಪದ್ಧತಿ 25. ಈ ಒಂದರ ಅಂತರದಿಂದಾಗಿ ಟಿವಿಗೆ ಕೊಡುವಾಗ ಸಿನಿಮಾವನ್ನು 25ರ ವೇಗಕ್ಕೆ ಏರಿಸಿ ಓಡಿಸುವ ರೂಢಿ ಬಹಳ ಹಿಂದಿನಿಂದ ಇದೆ. ಹಾಗೆ ಓಡಿಸಿದರೆ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ.

ಒಟಿಟಿಯಲ್ಲಿ ಸಿನಿಮಾ 24ರಲ್ಲೇ ಬರುತ್ತದೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬರುವುದಿಲ್ಲ. ಆದ್ದರಿಂದ ಟಿವಿ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತಾ ಹೋಗುತ್ತದೆ. ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನ ಮೇಲೆ ಹೊರಳುವಾಗ ಚಿತ್ರ ಕುಂಟಿದ ಹಾಗೆ ಕಾಣುವುದು ಇದರಿಂದ. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಐದು ಸಲ. ಕುಂಟು ಮಾಯ. ಡಬ್ಬದ ಮೇಲೆ ಮೋಷನ್ ಇಷ್ಟು, ಕ್ಲಿಯರ್ ಇಷ್ಟು ಅಂತ ದೊಡ್ಡ ಸಂಖ್ಯೆ ಇದ್ದರೆ ಅದನ್ನು ನಂಬದೆ ಪ್ಯಾನಲ್ಲಿನ ನೇಟಿವ್ ರಿಫ್ರೆಶ್ ರೇಟ್, ಅಂದರೆ ನಿಜವಾದ ಹರ್ಟ್ಸ್, ಎಷ್ಟು ಅಂತಲೇ ಕೇಳಿ.

ಎಂಇಎಂಸಿ ಅಂದರೆ ಎರಡು ಫ್ರೇಮುಗಳ ನಡುವೆ ಟಿವಿ ತಾನೇ ಹೊಸ ಫ್ರೇಮ್ ಊಹಿಸಿ ಸೇರಿಸುವುದು. ಕ್ರಿಕೆಟ್ಟಿಗೆ ಚೆನ್ನ. ಸಿನಿಮಾಕ್ಕೆ ಹಾಕಿದರೆ ಎಲ್ಲವೂ ಧಾರಾವಾಹಿಯ ಚಿತ್ರೀಕರಣದಂತೆ ನುಣುಪಾಗಿ ಕಾಣುತ್ತದೆ, ವೇಗದ ಹೊಡೆದಾಟದಲ್ಲಿ ಕೈಯ ಸುತ್ತ ಚಿತ್ರ ಹರಿದ ಹಾಗಾಗುತ್ತದೆ. ಸಿನಿಮಾ ನೋಡುವಾಗ ಅದನ್ನು ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇರುವ ಟಿವಿಯಲ್ಲಿ ಅದನ್ನು ಆರಿಸಿದರೆ ತಾನಾಗಿ ಆಫ್ ಆಗುತ್ತದೆ.

ಬಿಟ್‌ರೇಟ್, ಕೋಡೆಕ್, ದನಿ ಬಾರದ ಪೆನ್‌ಡ್ರೈವ್

ನನ್ನ ಮಟ್ಟಿಗೆ ಚಿತ್ರದ ಗುಣಮಟ್ಟದಲ್ಲಿ ಅತಿ ದೊಡ್ಡ ಪಾತ್ರ ಡಬ್ಬದ ಮೇಲೆ ಎಂದೂ ಬಾರದ ಪದದ್ದು: ಬಿಟ್‌ರೇಟ್. ಸೆಕೆಂಡಿಗೆ ಎಷ್ಟು ಮಾಹಿತಿ ಹರಿದು ಬರುತ್ತಿದೆ ಅನ್ನುವ ಲೆಕ್ಕ ಅದು. ತೂಬಿನ ಅಗಲ ಅಂದೆನಲ್ಲ, ಅದೇ ಇದು. 4ಕೆ ಅಂತ ಹೆಸರಿದ್ದರೂ ಬಿಟ್‌ರೇಟ್ ಸಾಲದಿದ್ದರೆ ಮಳೆ, ಹೊಗೆ, ಜಾತ್ರೆಯ ಜನಸಂದಣಿಯಂಥ ದೃಶ್ಯಗಳಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹೆಚ್ಚು ಬಿಟ್‌ರೇಟಿನ ಫುಲ್ ಎಚ್‌ಡಿ ಚಿತ್ರ ಕಡಿಮೆ ಬಿಟ್‌ರೇಟಿನ 4ಕೆಗಿಂತ ಚೆನ್ನಾಗಿರಬಹುದು.

ನೆಟ್‌ಫ್ಲಿಕ್ಸ್ 720ಪಿಗೆ 3, 1080ಪಿಗೆ 5, 4ಕೆಗೆ 15 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಸಂಪರ್ಕ ಬೇಕು ಅನ್ನುತ್ತದೆ. ಇಲ್ಲಿ ಬಿಟ್, ಬೈಟ್ ಗೊಂದಲ ಬೇಡ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಇಳಿಯುವುದು 12.5 ಎಂಬಿ. ಪೂರ್ತಿ 15 ಎಂಬಿಪಿಎಸ್ ಹರಿದರೆ ಗಂಟೆಗೆ ಸುಮಾರು 6.75 ಜಿಬಿ. ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಟಿವಿಯಲ್ಲಿ 4ಕೆ ನೋಡಿದರೆ ದಿನಕ್ಕೆ 2 ಜಿಬಿ ಪ್ಯಾಕ್ ಇಪ್ಪತ್ತು ನಿಮಿಷವೂ ಬಾಳುವುದಿಲ್ಲ. ಲೈನು 100 ಇದ್ದೂ ಟಿವಿ ತಡವರಿಸಿದರೆ ವೈಫೈ ನೋಡಿ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈಯೂ ಅಲ್ಲೇ ಗಿಜಿಗುಟ್ಟುತ್ತಿರುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟುವುದು ಕಡಿಮೆ. ರೌಟರ್ ಟಿವಿ ಕೋಣೆಯಲ್ಲೇ ಇದ್ದರೆ 5ಕ್ಕೆ ಜೋಡಿಸಿ. ಎರಡು ಗೋಡೆ ಆಚೆ ಇದ್ದರೆ ಲ್ಯಾನ್ ಕೇಬಲ್ ಎಳೆಯುವುದೇ ಶಾಶ್ವತ ಪರಿಹಾರ.

ಮಾಹಿತಿಯನ್ನು ಮಡಿಚಿ ಕಳಿಸುವ, ಈ ಕಡೆ ಬಿಚ್ಚುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. 2003ರ ಎಚ್.264 ಇವತ್ತಿಗೂ ಎಲ್ಲ ಕಡೆ ಇದೆ. 2013ರಲ್ಲಿ ಬಂದ ಎಚ್‌ಇವಿಸಿ, ಅಂದರೆ ಎಚ್.265, ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಬಿಟ್‌ರೇಟಿನಲ್ಲಿ ಕೊಡುತ್ತದೆ. 2018ರ ಎವಿ1 ಇನ್ನೂ ಹೊಸದು, ರಾಯಲ್ಟಿ ಇಲ್ಲದೆ ಬಳಸಲೆಂದೇ ಮಾಡಿದ್ದು. ಬಿಚ್ಚುವ ಚಿಪ್ಪಿಗೆ ಆ ಕೋಡೆಕ್ ಗೊತ್ತಿರಬೇಕು. ಹಳೆಯ ಟಿವಿಗೆ ಎವಿ1 ಬಿಚ್ಚಲು ಬಾರದು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೂ ಸಾಮಾನ್ಯವಾಗಿ ಬಾರದು, ಯಾಕೆಂದರೆ ಆ ಕೆಲಸ ಚಿಪ್ಪಿನ ಒಳಗಿನದು.

ಈಗ ಪೆನ್‌ಡ್ರೈವ್ ಹತ್ತಿರದಿಂದ ನೋಡೋಣ. ಮದುವೆಯ ವಿಡಿಯೊ ಇದೆ, ಟಿವಿಗೆ ಚುಚ್ಚಿದಿರಿ. ಚಿತ್ರ ಬಂತು, ದನಿ ಇಲ್ಲ. ಪರದೆಯ ಕೆಳಗೆ ಆಡಿಯೊ ನಾಟ್ ಸಪೋರ್ಟೆಡ್ ಅಂತ ಒಂದು ಸಾಲು. ಕಡತದ ಹೆಸರಿನ ಕೊನೆಯಲ್ಲಿ ಎಂಪಿ4 ಅಥವಾ ಎಂಕೆವಿ ಅಂತ ಇರುತ್ತದೆ. ಅದು ಕೋಡೆಕ್ ಅಲ್ಲ, ಕಂಟೇನರ್. ಊಟದ ಕ್ಯಾರಿಯರ್ ಇದ್ದ ಹಾಗೆ: ಒಂದು ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಮೇಲೊಂದರಲ್ಲಿ ಪಲ್ಯ. ಎಂಕೆವಿ ಒಳಗೆ ಚಿತ್ರ ಒಂದು ಡಬ್ಬಿ, ದನಿ ಒಂದು ಡಬ್ಬಿ, ಸಬ್‌ಟೈಟಲ್ ಇನ್ನೊಂದು. ನಿಮ್ಮ ಟಿವಿ ಚಿತ್ರದ ಡಬ್ಬಿ ತೆರೆಯಿತು. ದನಿಯ ಡಬ್ಬಿ ಡಿಟಿಎಸ್ ಅನ್ನುವ ಕೋಡೆಕ್‌ನದಾಗಿದ್ದು, ಟಿವಿ ತಯಾರಕರು ಅದರ ಪರವಾನಗಿ ಕೊಂಡಿಲ್ಲದಿದ್ದರೆ ಅದು ತೆರೆಯದು. ವಿಡಿಯೊ ಮಾಡಿಕೊಟ್ಟವರನ್ನು ದನಿ ಎಎಸಿಯಲ್ಲಿ ಹಾಕಿಕೊಡಿ ಅಂತ ಕೇಳಿ. ಮನೆಯಲ್ಲೇ ಮಾಡುವುದಾದರೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಆಡಿಯೊ ಕೋಡೆಕ್ ಎಎಸಿ ಆರಿಸಿ ಮತ್ತೆ ಉಳಿಸಿ. ಹ್ಯಾಂಡ್‌ಬ್ರೇಕ್ ಚಿತ್ರವನ್ನೂ ಮತ್ತೆ ಮಡಿಚುವುದರಿಂದ ಸಮಯ ಹಿಡಿಯುತ್ತದೆ, ಮೂಲ ಕಡತವನ್ನು ಅಳಿಸಬೇಡಿ.

ಕಡತ ಪೆನ್‌ಡ್ರೈವಿಗೇ ಹೋಗುತ್ತಿಲ್ಲ, 32 ಜಿಬಿಯಲ್ಲಿ 20 ಖಾಲಿ ಇದ್ದರೂ ಜಾಗವಿಲ್ಲ ಅನ್ನುತ್ತದೆಯೇ? ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ, ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಒಳಗಿರುವುದನ್ನೆಲ್ಲ ಬೇರೆ ಕಡೆ ನಕಲಿಸಿಕೊಂಡು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಇವೆರಡರಲ್ಲಿ ನಿಮ್ಮ ಟಿವಿ ಯಾವುದನ್ನು ಓದುತ್ತದೆ ಅನ್ನುವುದು ಅದರ ಕೈಪಿಡಿಯಲ್ಲಿರುತ್ತದೆ.

ಕಳ್ಳತನ ತಡೆಯುವ ಬೀಗಗಳೂ ಈ ದಾರಿಯಲ್ಲಿವೆ. ಆಂಡ್ರಾಯ್ಡ್ ಸಾಧನಗಳಲ್ಲಿ ವೈಡ್‌ವೈನ್ ಅನ್ನುವ ಬೀಗ ಇರುತ್ತದೆ. ಅದು ಎಲ್1 ಮಟ್ಟದಲ್ಲಿದ್ದರೆ ಎಚ್‌ಡಿ, 4ಕೆ ಸಿಗುತ್ತದೆ. ಎಲ್3 ಆಗಿದ್ದರೆ ದೊಡ್ಡ ಒಟಿಟಿಗಳು ಎಸ್‌ಡಿ ಮಟ್ಟದ ಚಿತ್ರವನ್ನಷ್ಟೇ ಕಳಿಸುತ್ತವೆ. ಅಗ್ಗದ ಆಂಡ್ರಾಯ್ಡ್ ಬಾಕ್ಸ್ 4ಕೆ ಅಂತ ಹೇಳಿಕೊಂಡರೂ ಒಟಿಟಿ ಮಸುಕಾಗಿ ಬರುವುದಕ್ಕೆ ಕಾರಣ ಇದಾಗಿರಬಹುದು. ಕೇಬಲ್ಲಿಗೆ ಎಚ್‌ಡಿಸಿಪಿ ಅನ್ನುವ ಬೀಗ. ಒಟಿಟಿಯ 4ಕೆಗೆ ಸಾಮಾನ್ಯವಾಗಿ ಅದರ 2.2 ಆವೃತ್ತಿ ದಾರಿಯ ಎಲ್ಲ ಪೆಟ್ಟಿಗೆಗಳಲ್ಲೂ ಇರಬೇಕು. ನಡುವೆ ಒಂದು ಹಳೆಯ ಆಂಪ್ಲಿಫೈಯರ್ ಸಿಕ್ಕಿಕೊಂಡಿದ್ದರೆ ಚಿತ್ರ 1080ಕ್ಕೆ ಇಳಿಯುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ.

ಟಿವಿಯ ಬೆನ್ನಿನ ಮೇಲೆ

ಟಾರ್ಚ್ ಹಿಡಿದು ಟಿವಿಯ ಹಿಂದೆ ನೋಡಿ. ಎರಡು ಮೂರು ಎಚ್‌ಡಿಎಂಐ ಕಿಂಡಿಗಳಿರುತ್ತವೆ. ಅದರಲ್ಲಿ ಒಂದರ ಪಕ್ಕ ಮಾತ್ರ ಚಿಕ್ಕ ಅಕ್ಷರದಲ್ಲಿ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಇರುತ್ತದೆ. ಬೇರೆ ಕಿಂಡಿಗಳಲ್ಲಿ ದನಿ, ಚಿತ್ರ ಒಳಗೆ ಬರುತ್ತವೆ. ಈ ಕಿಂಡಿಯಿಂದ ಮಾತ್ರ ದನಿ ಹೊರಗೂ ಹೋಗುತ್ತದೆ, ಸೌಂಡ್‌ಬಾರಿಗೆ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಎಆರ್‌ಸಿ ಬಂತು, 2017ರಲ್ಲಿ 2.1ರ ಜೊತೆ ಇನ್ನೂ ಹೆಚ್ಚು ಮಾಹಿತಿ ದಾಟಿಸಬಲ್ಲ ಇಎಆರ್‌ಸಿ.

ಸೌಂಡ್‌ಬಾರ್ ಹಾಕಿದೆ, ದನಿ ಟಿವಿಯಿಂದಲೇ ಬರುತ್ತಿದೆ ಅನ್ನುವವರು ಈ ಕ್ರಮದಲ್ಲಿ ನೋಡಿ. ಕೇಬಲ್ಲಿನ ಎರಡೂ ತುದಿ ಎಆರ್‌ಸಿ ಅಂತ ಬರೆದ ಕಿಂಡಿಯಲ್ಲೇ ಇರಬೇಕು. ಸೌಂಡ್‌ಬಾರಿನಲ್ಲೂ ಎರಡು ಕಿಂಡಿ ಇದ್ದರೆ ಇನ್ ಅಂತ ಇರುವುದಲ್ಲ, ಔಟ್ ಅಥವಾ ಎಆರ್‌ಸಿ ಅಂತ ಇರುವುದು. ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ, ಅಂದರೆ ಎಚ್‌ಡಿಎಂಐ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ, ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್+, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಎಲ್ಲವೂ ಒಂದೇ. ಸೌಂಡ್ ಔಟ್‌ಪುಟ್‌ನಲ್ಲಿ ಎಚ್‌ಡಿಎಂಐ ಎಆರ್‌ಸಿ ಆರಿಸಿ. ಆಮೇಲೂ ಬಾರದಿದ್ದರೆ ಎರಡೂ ಸಾಧನಗಳ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಒಂದೆರಡು ನಿಮಿಷ ಬಿಟ್ಟು ಮೊದಲು ಟಿವಿ, ಆಮೇಲೆ ಸೌಂಡ್‌ಬಾರ್ ಹಚ್ಚಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಅವು ಪರಸ್ಪರ ಗುರುತು ಹಿಡಿಯುವ ಮಾತುಕತೆ ಹೊಸದಾಗಿ ಶುರುವಾಗಬೇಕು. ಕೊನೆಯಲ್ಲಿ ಕೇಬಲ್ ಬದಲಿಸಿ ನೋಡಿ. ಎಚ್‌ಡಿಎಂಐಯಲ್ಲಿ 19 ಪಿನ್ ಇವೆ, ಎಆರ್‌ಸಿ ಓಡುವುದು 14ನೇ ಪಿನ್ನಿನಲ್ಲಿ. ಕೆಲವು ಹಳೆಯ, ಅಗ್ಗದ ಕೇಬಲ್‌ಗಳಲ್ಲಿ ಆ ತಂತಿಯನ್ನೇ ಜೋಡಿಸಿರುವುದಿಲ್ಲ. ಚಿತ್ರ ಚೆನ್ನಾಗಿ ಬರುತ್ತದೆ, ಹಾಗಾಗಿ ಕೇಬಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇಎಆರ್‌ಸಿ ಇಲ್ಲದೆ ಅಟ್ಮಾಸ್, ಅಂದರೆ ತಲೆಯ ಮೇಲಿಂದಲೂ ಕೇಳಿಸುವ ಡಾಲ್ಬಿ ದನಿ, ಬರುವುದಿಲ್ಲ ಅನ್ನುವ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಒಟಿಟಿಯ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ದನಿಯ ಕೋಡೆಕ್ ಒಳಗೆ. ಟಿವಿ ಅದನ್ನು ಹಾಗೇ ದಾಟಿಸಿದರೆ ಮಾಮೂಲಿ ಎಆರ್‌ಸಿಯೂ ಸಾಕು. ಬ್ಲೂ-ರೇ ಡಿಸ್ಕಿನ, ಗುಣಮಟ್ಟ ಕಳೆಯದೆ ಮಡಿಚಿದ ಟ್ರೂಎಚ್‌ಡಿ ದನಿಗೆ ಮಾತ್ರ ಇಎಆರ್‌ಸಿ ಬೇಕೇ ಬೇಕು. ಡಿಸ್ಕ್ ಪ್ಲೇಯರ್ ಇಲ್ಲದ ಮನೆಯವರು ಇದೊಂದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಕೇಬಲ್ ಕೊಳ್ಳುವಾಗಲೂ ಅಷ್ಟೆ: 4ಕೆ 60 ಹರ್ಟ್ಸ್‌ಗೆ 18 ಜಿಬಿಪಿಎಸ್‌ನ ಪ್ರೀಮಿಯಂ ಹೈ ಸ್ಪೀಡ್ ಸಾಕು. 4ಕೆ 120ರ ಗೇಮಿಂಗ್ ಇದ್ದರೆ 48 ಜಿಬಿಪಿಎಸ್‌ನ ಅಲ್ಟ್ರಾ ಹೈ ಸ್ಪೀಡ್. ಚಿನ್ನದ ಲೇಪ ಚಿತ್ರದ ಬಣ್ಣ ಹೆಚ್ಚಿಸುವುದಿಲ್ಲ.

ದನಿ

5.1.2 ಅನ್ನುವುದನ್ನು ಹೀಗೆ ಓದಿ: ಕಿವಿಯ ಮಟ್ಟದಲ್ಲಿ ಐದು ಸ್ಪೀಕರ್, ಗುಡುಗಿನ ದನಿಗೆ ಒಂದು ಸಬ್‌ವೂಫರ್, ತಲೆಯ ಮೇಲಿಂದ ಎರಡು. ಸೌಂಡ್‌ಬಾರಿನಲ್ಲಿ ತಲೆಯ ಮೇಲಿನ ಎರಡು ಬಹುತೇಕ ಮೇಲ್ಮುಖದ ಸ್ಪೀಕರ್‌ಗಳು. ದನಿ ಸೂರಿಗೆ ಬಡಿದು ನಿಮ್ಮತ್ತ ಇಳಿಯಬೇಕು. ಎಂಟರಿಂದ ಹನ್ನೆರಡು ಅಡಿ ಎತ್ತರದ ಸಪಾಟಾದ ಆರ್‌ಸಿಸಿ ಛಾವಣಿ ಇದ್ದರೆ ಚೆನ್ನಾಗಿ ನಡೆಯುತ್ತದೆ. ಕರಾವಳಿ, ಮಲೆನಾಡಿನ ಹಂಚಿನ ಮನೆಯ ಇಳಿಜಾರು ಮಾಡಿನಲ್ಲಿ ದನಿ ಬೇರೆ ಕಡೆ ಚಿಮ್ಮಿ ಹೋಗುತ್ತದೆ. ಅಂಥ ಮನೆಗೆ ಅದೇ ದುಡ್ಡಿನಲ್ಲಿ ಹಿಂದೆ ಇಡುವ ಎರಡು ಪ್ರತ್ಯೇಕ ಸ್ಪೀಕರ್ ಇರುವ ಸೆಟ್ ಒಳ್ಳೆಯದು.

ವ್ಯಾಟ್ ವಿಷಯದಲ್ಲಿ ನಿರಂತರವಾಗಿ ಕೊಡಬಲ್ಲ ಶಕ್ತಿ ಹೇಳುವ ಆರ್‌ಎಂಎಸ್ ಒಂದನ್ನೇ ನೋಡಿ. ಪಿಎಂಪಿಒ ಅನ್ನುವುದಕ್ಕೆ ಅಳತೆಯ ನಿಯಮವೇ ಇಲ್ಲ, ಎಷ್ಟು ಬೇಕಾದರೂ ಬರೆಯಬಹುದು. ಹೊರಗೆ ಅಡಾಪ್ಟರ್ ಇರುವ ಸ್ಪೀಕರ್ ಆದರೆ ನೀವೇ ಪರೀಕ್ಷೆ ಮಾಡಬಹುದು. ಅಡಾಪ್ಟರ್ ಮೇಲೆ ಔಟ್‌ಪುಟ್ 20 ವೋಲ್ಟ್, 3 ಆಂಪಿಯರ್ ಅಂತ ಇದ್ದರೆ ಗುಣಿಸಿ: 60 ವ್ಯಾಟ್. ಒಳಗೆ ಬರುವುದೇ 60 ಆಗಿರುವಾಗ ಹೊರಗೆ ನಿರಂತರವಾಗಿ 200 ವ್ಯಾಟ್ ಬರಲು ಸಾಧ್ಯವಿಲ್ಲ.

ಮಾತು ಕೇಳುವುದಿಲ್ಲ ಅಂತ ದನಿ ಏರಿಸುತ್ತೀರಿ, ಹಾಡು ಬಂದ ಕೂಡಲೇ ಮನೆ ಅದುರುತ್ತದೆ, ಮತ್ತೆ ಇಳಿಸುತ್ತೀರಿ. ವಯಸ್ಸಾದವರಿರುವ ಮನೆಗಳಲ್ಲಿ ಇದು ದಿನನಿತ್ಯದ ಕಷ್ಟ, ಅವರ ಕಿವಿಯನ್ನು ದೂರುವುದು ಅನ್ಯಾಯ. 5.1ರಲ್ಲಿ ಸಂಭಾಷಣೆಯನ್ನು ಬಹುಪಾಲು ನಡುವಿನ ಸ್ಪೀಕರಿಗೇ ಇಟ್ಟಿರುತ್ತಾರೆ. ಟಿವಿಯಲ್ಲಿ ಇರುವುದು ಎಡ ಬಲ ಎರಡೇ, ಆರು ದಾರಿಯ ದನಿಯನ್ನು ಎರಡಕ್ಕೆ ತುರುಕಿದಾಗ ಮಾತು ಹಿನ್ನೆಲೆ ಸಂಗೀತದಡಿ ಮುಳುಗುತ್ತದೆ. ಒಟಿಟಿಯ ಆಡಿಯೊ ಪಟ್ಟಿಯಲ್ಲಿ ಕನ್ನಡ 5.1, ಕನ್ನಡ ಎರಡೂ ಇದ್ದರೆ 5.1 ಬರೆಯದ ಸ್ಟೀರಿಯೊ ಆರಿಸಿ. ಟಿವಿಯಲ್ಲಿ ನೈಟ್ ಮೋಡ್ ಅಥವಾ ಕ್ಲಿಯರ್ ವಾಯ್ಸ್ ಥರದ್ದು ಆನ್ ಮಾಡಿ. ಸೌಂಡ್‌ಬಾರ್ ಕೊಳ್ಳುವುದಾದರೆ ನಡುವೆ ಪ್ರತ್ಯೇಕ ಸ್ಪೀಕರ್ ಇರುವ 3.1 ಆರಿಸಿ, ಬರಿ 2.1 ಬೇಡ.

ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಮೊದಲು ಯಾವುದು ಹಿಂದೆ ಅಂತ ನೋಡಿ. ಮಾತು ಮೊದಲು ಬಂದರೆ ಸೌಂಡ್‌ಬಾರಿನಲ್ಲಿ ಆಡಿಯೊ ಡಿಲೇ 20 ಮಿಲಿಸೆಕೆಂಡಿನ ಹಂತದಲ್ಲಿ ಏರಿಸುತ್ತಾ ಹೋಗಿ. ಮಾತು ತಡವಾಗಿ ಬಂದರೆ ಡಿಲೇ ಸೊನ್ನೆಗೆ ಇಳಿಸಿ. ಅದು ಬ್ಲೂಟೂತ್ ಜೋಡಣೆ ಆಗಿದ್ದರೆ ಕೇಬಲ್ಲಿಗೆ ಬನ್ನಿ, ತಡವಾದದ್ದನ್ನು ಮುಂಚಿತ ಮಾಡುವ ಗುಂಡಿ ಸೌಂಡ್‌ಬಾರಿನಲ್ಲಿಲ್ಲ.

ಸಭಿಕರ ಪ್ರಶ್ನೆಗಳು

*ಸಿನಿಮಾ ನೋಡುವಾಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಹೇಗೆ ತೆಗೆಯುವುದು?*

ತೆಗೆಯದಿರುವುದೇ ಒಳ್ಳೆಯದು ಸರ್. ನಿಮ್ಮ ಟಿವಿ 16:9, ಸಿನಿಮಾ 2.39:1 ಅಗಲದ್ದು. ಅಗಲ ಪೂರ್ತಿ ತುಂಬಿದಾಗ ಎತ್ತರದಲ್ಲಿ ಸುಮಾರು ಕಾಲು ಭಾಗ ಖಾಲಿ ಉಳಿಯುತ್ತದೆ. ಝೂಮ್ ಒತ್ತಿದರೆ ಪಟ್ಟಿ ಹೋಗುತ್ತದೆ, ಜೊತೆಗೆ ಅಕ್ಕಪಕ್ಕದ ಕಾಲು ಭಾಗ ಚಿತ್ರವೂ ಹೋಗುತ್ತದೆ. ಅಂಚಿನಲ್ಲಿ ನಿಂತು ಮಾತಾಡುವವರು ಕಾಣುವುದೇ ಇಲ್ಲ. ನಾಲ್ಕೂ ಕಡೆ ಕಪ್ಪು ಇದ್ದರೆ ಮಾತ್ರ ತಪ್ಪಾಗಿದೆ ಅಂತ ಅರ್ಥ. ಆಗ ಬಾಕ್ಸಿನಲ್ಲಿ ಪರದೆಯ ಅನುಪಾತ 4:3 ಇದೆಯೇ ನೋಡಿ 16:9 ಮಾಡಿ.

*ನಮ್ಮದು ತೀರ್ಥಹಳ್ಳಿ ಕಡೆ. ಜೋರು ಮಳೆ ಬಂದರೆ ಡಿಟಿಎಚ್ ನಿಂತೇ ಹೋಗುತ್ತದೆ. ದೊಡ್ಡ ಬಾಕ್ಸ್ ಹಾಕಿಸಿದರೆ ಸರಿಹೋಗುತ್ತದೆಯೇ?*

ಬಾಕ್ಸಿಗೂ ಮಳೆಗೂ ಸಂಬಂಧವಿಲ್ಲಮ್ಮ, ತೊಂದರೆ ಇರುವುದು ದಾರಿಯ ಮೊದಲ ತುದಿಯಲ್ಲಿ. ಡಿಟಿಎಚ್ ಬರುವುದು ಕೆಯು ಬ್ಯಾಂಡಿನಲ್ಲಿ, ಅದರ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಡಿಜಿಟಲ್ ಚಿತ್ರ ಹಳೆಯ ಆಂಟೆನಾದ ಹಾಗೆ ನಿಧಾನಕ್ಕೆ ಮಸುಕಾಗುವುದಿಲ್ಲ, ಒಂದು ಮಿತಿಯವರೆಗೆ ಪೂರ್ತಿ ಇರುತ್ತದೆ, ಮಿತಿ ದಾಟಿದ ಕೂಡಲೇ ಪೂರ್ತಿ ಹೋಗುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆ, ಬಿಸಿಲಿರುವಾಗಲೇ, ಬಾಕ್ಸಿನ ಸಿಗ್ನಲ್ ಪುಟ ತೆರೆದು ಸ್ಟ್ರೆಂಥ್ ಅಲ್ಲ, ಕ್ವಾಲಿಟಿ ಗರಿಷ್ಠವಾಗುವಂತೆ ಡಿಶ್ ತಿರುಗಿಸಿಕೊಳ್ಳಿ. ನಮ್ಮ ಕಡೆಯಿಂದ ಡಿಟಿಎಚ್ ಉಪಗ್ರಹಗಳು ಆಗ್ನೇಯ ದಿಕ್ಕಿಗಿವೆ. ಆ ಕಡೆ ಅಡಿಕೆ, ಹಲಸಿನ ಮರ ಬೆಳೆದು ಅಡ್ಡ ಬಂದಿದ್ದರೆ ಡಿಶ್ ಜಾಗ ಬದಲಿಸಬೇಕು. ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ತಡೆಯುತ್ತದೆ. ಡಿಶ್ ಮುಂದೆ ಸಂಕೇತ ಹಿಡಿಯುವ ಚಿಕ್ಕ ಪೆಟ್ಟಿಗೆಯಾದ ಎಲ್‌ಎನ್‌ಬಿ ಹತ್ತಿರದ ಕನೆಕ್ಟರ್ ಬಿಚ್ಚಿ ಹಸಿರು ತುಕ್ಕು ಹಿಡಿದಿದ್ದರೆ ಕೇಬಲ್ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ನೀರು ಇಳಿಯದಂತೆ ಟೇಪ್ ಸುತ್ತಿಸಿ. ಕೇಬಲ್ ಎಲ್‌ಎನ್‌ಬಿಯಿಂದ ಕೆಳಕ್ಕೆ ಒಂದು ಬಳುಕು ಬಿಟ್ಟು ಆಮೇಲೆ ಮನೆಯೊಳಗೆ ಹೋಗಬೇಕು, ಹನಿ ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. ಇಷ್ಟಾದರೂ ಧೋ ಎಂದು ಸುರಿವಾಗ ಹತ್ತು ನಿಮಿಷ ಹೋಗುವುದುಂಟು, ಅದನ್ನು ತಪ್ಪಿಸಲು ಇನ್ನೂ ಅಗಲದ ಡಿಶ್ ಬೇಕು.

*ಮನೆಯಲ್ಲಿ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇದೆ, ಕೆಂಪು ಬಿಳಿ ಕಿಂಡಿ ಮಾತ್ರ. ಹೊಸ ಟಿವಿಯಲ್ಲಿ ಅಂಥ ಕಿಂಡಿಯೇ ಇಲ್ಲ. ಎಸೆಯಬೇಕೆ?*

ಖಂಡಿತ ಬೇಡ. ಟಿವಿಯಲ್ಲಿ ಆಪ್ಟಿಕಲ್ ಅಂತ ಚೌಕದ ಕಿಂಡಿ ಇದ್ದರೆ ಒಂದು ಆಪ್ಟಿಕಲ್ ಕೇಬಲ್, ಒಂದು ಚಿಕ್ಕ ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಸಾಕು. ಕೇಬಲ್ ತುದಿಯ ಪಾರದರ್ಶಕ ಟೊಪ್ಪಿಗೆ ತೆಗೆದು ಕ್ಲಿಕ್ ಅನ್ನುವವರೆಗೆ ಒತ್ತಿ, ಟಿವಿ ಆನ್ ಇದ್ದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಂಡರೆ ಆಪ್ಟಿಕಲ್ ಕಿಂಡಿ ಕೆಲಸ ಮಾಡುತ್ತಿದೆ. ಕನ್ವರ್ಟರಿನಿಂದ ಕೆಂಪು ಬಿಳಿ ತಂತಿ ಆಂಪ್ಲಿಫೈಯರಿನ ಆಕ್ಸ್ ಅಥವಾ ಟೇಪ್ ಕಿಂಡಿಗೆ ಹೋಗಲಿ. ಫೋನೊ ಅಂತ ಬರೆದದ್ದಕ್ಕೆ ಹಾಕಬೇಡಿ, ಅದು ಗ್ರಾಮಫೋನ್ ತಟ್ಟೆಯ ಸಣ್ಣ ಸಂಕೇತಕ್ಕಾಗಿ ಇರುವುದು, ದನಿ ವಿಪರೀತ ಒಡೆಯುತ್ತದೆ. ಆಮೇಲೆ ಟಿವಿಯ ಡಿಜಿಟಲ್ ಆಡಿಯೊ ಔಟ್ ಸೆಟ್ಟಿಂಗ್ ತೆರೆದು ಪಿಸಿಎಂ, ಅಂದರೆ ಮಡಿಚದ ದನಿ, ಆರಿಸಿ. ಅದು ಆಟೊ ಅಥವಾ ಡಾಲ್ಬಿ ಡಿಜಿಟಲ್‌ನಲ್ಲಿದ್ದರೆ ಅಗ್ಗದ ಕನ್ವರ್ಟರಿಗೆ ಬಿಚ್ಚಲು ಬಾರದೆ ಕರಕರ ಸದ್ದು ಬರುತ್ತದೆ, ಇಲ್ಲವೇ ಪೂರ್ತಿ ಮೌನ. ವಾಲ್ಯೂಮ್ ಮಾತ್ರ ಇನ್ನು ಮುಂದೆ ಹೆಚ್ಚಾಗಿ ಆಂಪ್ಲಿಫೈಯರಿನ ಗುಂಡಿಯಲ್ಲೇ ತಿರುಗಿಸಬೇಕಾಗುತ್ತದೆ, ಟಿವಿ ರಿಮೋಟಿನಲ್ಲಿ ಬದಲಾಗದೆ ಇರಬಹುದು.